ನಾಲ್ಕು ಚಕ್ರ, ನಾಲ್ಕು ತಕ್ಕಡಿ

ನನ್ನ ಸೋದರಮಾವ ನೆಟ್ಟಗೆ ಕೂತಿದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ. ಮನೆಯ ಎಲ್ಲ ಫೋಟೋಗಳಲ್ಲೂ ಅವರ ಮುಖ ಸ್ವಲ್ಪ ಕಲಸಿಹೋಗಿದೆ, ಏಕೆಂದರೆ ಗುಂಡಿ ಒತ್ತುವ ಹೊತ್ತಿಗೆ ಅವರು ಎದ್ದಾಗಿರುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ಕೆಲವರ ಬಗ್ಗೆ ಮಾತಿಗೆ ಹೇಳುತ್ತೇವೆ. ಮಾವ ನಾಲ್ಕು ಕಟ್ಟಿಕೊಂಡಿದ್ದರು, ಸ್ಟೆಪ್ನಿ ಬೇರೆ.

ಅವರ ಕಸುಬು ತೂಕದ ಯಂತ್ರಗಳ ರಿಪೇರಿ. ಸುತ್ತಲಿನ ಹದಿನೆಂಟು ಪೇಟೆಗಳ ಕಾಳಿನ ಅಂಗಡಿ, ಗೋದಾಮು, ಅಂಚೆ ಕಚೇರಿ, ಔಷಧಿ ಅಂಗಡಿಗಳ ತಕ್ಕಡಿಗಳೆಲ್ಲ ವರ್ಷಕ್ಕೆರಡು ಸಲ ಅವರ ಕೈಯಲ್ಲಿ ಹಾದುಹೋಗಬೇಕು. ಇಪ್ಪತ್ತು ಕಿಲೋದ ಹನ್ನೆರಡು ಕಬ್ಬಿಣದ ಕಲ್ಲುಗಳನ್ನು ಕಾರಿನ ಹಿಂಬದಿಗೆ ಹೇರಿಕೊಂಡು ಹೋಗುತ್ತಾರೆ. ಕಲ್ಲಿಟ್ಟು ಪರೀಕ್ಷೆ ಮಾಡಿ, ಸರಿ ಇದ್ದರೆ ಸೀಲು ಒತ್ತಿ, ಕಾಫಿ ಅರ್ಧ ಕುಡಿದು ಎದ್ದುಬಿಡುತ್ತಾರೆ. ಊರಿಗೆಲ್ಲ ಅವರು ‘ತೂಕದ ಮಾವ’. ಹಾಗೆಂದು ಆಸಾಮಿ ತೂಕವಾಗಿದ್ದಾರೆ ಎಂದುಕೊಳ್ಳಬೇಡಿ. ಐವತ್ತೆರಡು ಕಿಲೋ. ಅದರಲ್ಲಿ ಒಂದು ಕಿಲೋ ಜೇಬಿನಲ್ಲಿರುವ ಸ್ಕ್ರೂಡ್ರೈವರ್‌ಗಳದ್ದು ಎನ್ನುವುದು ಅತ್ತೆಯ ವಾದ. ಮೂವತ್ತನಾಲ್ಕು ವರ್ಷ ತೂಕ ಮಾಡಿದ್ದಾರೆ, ಒಂದು ದಿನವೂ ತೂಕಡಿಸಿಲ್ಲ.

ಕಾರು ಅವರಷ್ಟೇ ಹಳೆಯದಲ್ಲದಿದ್ದರೂ ಅವರಷ್ಟೇ ಸವೆದದ್ದು. ಹಿಂದುಗಡೆ ಒಂದು ಕೋಣೆಯನ್ನೇ ಜೋಡಿಸಿದಂತಿರುವ ಪೆಟ್ರೋಲ್ ಕಾರು. ಅಂಥದ್ದಕ್ಕೆ ಎಸ್ಟೇಟ್ ಕಾರು ಎನ್ನುತ್ತಾರೆ.

“ಜನ ತೋಟ, ಜಮೀನು ಅಂತ ಎಸ್ಟೇಟು ಮಾಡ್ತಾರೆ. ನಮ್ಮ ಯಜಮಾನ್ರ ಎಸ್ಟೇಟು ಇದು,” ಎನ್ನುತ್ತಾರೆ ಅತ್ತೆ. “ಬೆಳೆಯೋದು ಏನೂ ಇಲ್ಲ. ಬರೀ ಕುಡಿಯುತ್ತೆ.”

ಕುಡಿಯುತ್ತಿತ್ತು, ನಿಜ. ಇನ್ನೂರ ನಲವತ್ತು ಕಿಲೋ ಕಲ್ಲು ಹೊತ್ತು ದಿಬ್ಬ ಹತ್ತುವ ಮುದಿ ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಹಾಕಿದರೂ ಗಂಟಲು ಒಣಗಿಯೇ ಇರುತ್ತಿತ್ತು. ಕೊನೆಗೆ ಅತ್ತೆ ಹೊಲಿಗೆ ಯಂತ್ರದ ಮೇಲಿಂದ ಕತ್ತೆತ್ತದೆ ತೀರ್ಪು ಕೊಟ್ಟರು. ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅವರ ತೀರ್ಪುಗಳೆಲ್ಲ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬರುವುದು.

“ಕಾರಿಗೆ ಗ್ಯಾಸ್ ಹಾಕಿಸಿ ನೋಡಿ. ಆಯ್ತು ಅಂದ್ರೆ ಓಡಿಸ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಕಾರು ಮಾರಿ, ಮನೇಲಿ ಕೂತ್ಕೊಳ್ಳಿ.”

“ಕೂತ್ಕೊಳ್ಳೋದಾ?” ಎಂದರು ಮಾವ, ಮಲಗಿಸಿ ಮಣ್ಣು ಹಾಕುತ್ತೇನೆ ಎಂದು ಅತ್ತೆ ಹೇಳಿದಂತೆ.

ಗ್ಯಾಸ್ ಮೇಸ್ತ್ರಿ ಎಂದು ನಮ್ಮ ಕಡೆ ಹೆಸರಾದ ಒಬ್ಬನೇ ಮನುಷ್ಯನಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ. ಗ್ಯಾಸ್ ಸೋರುವುದನ್ನು ಹಿಡಿಯಬೇಕಾದವನಿಗೆ ದೇವರು ಕೊಟ್ಟ ಮೂಗು ಅದು. ಮಾವ ಅದನ್ನು ಕೇಳಿಯೂಬಿಟ್ಟರು. ಮೇಸ್ತ್ರಿ ಕರವಸ್ತ್ರದೊಳಗಿಂದಲೇ ಹೇಳಿದ: “ಮೂಗು ಸುಳ್ಳು ಹೇಳುತ್ತೆ ಸಾರ್. ಸೋಪಿನ ನೀರು ಹೇಳಲ್ಲ. ಎಲ್ಲಿ ಸೋರುತ್ತೋ ಅಲ್ಲಿ ಗುಳ್ಳೆ ಬರುತ್ತೆ, ಅಷ್ಟೇ.”

ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಕೊಬ್ಬಿದ ಟೈರಿನಂಥ ದುಂಡು ಟ್ಯಾಂಕು ಹಿಂದೆ ಸ್ಟೆಪ್ನಿಯ ಗುಂಡಿಯಲ್ಲಿ ಕೂರುತ್ತದೆ. ಅಲ್ಲಿಂದ ಒಂದು ಸಣ್ಣ ಕೊಳವೆ ಕಾರಿನ ಹೊಟ್ಟೆಯ ಕೆಳಗೆ ಮುಂದಕ್ಕೆ ಬರುತ್ತದೆ. ಟ್ಯಾಂಕಿನಲ್ಲಿರುವಾಗ ಗ್ಯಾಸು ದ್ರವ. ಎಂಜಿನ್ನಿಗೆ ಹೋಗುವ ಮೊದಲು ಆವಿಯಾಗಬೇಕು, ಅದಕ್ಕೆ ಬಿಸಿ ಬೇಕು. ಅದಕ್ಕಾಗಿ ಮುಂದೆ, ಎಡಗಡೆ, ಅಂಗೈಯಗಲದ ಒಂದು ಅಲ್ಯೂಮಿನಿಯಂ ಡಬ್ಬಿ. ರೇಡಿಯೇಟರಿನ ಬಿಸಿ ನೀರನ್ನು ಕವಲೊಡೆಸಿ ಆ ಡಬ್ಬಿಯ ಸುತ್ತ ಹರಿಸುತ್ತಾರೆ. ಬೆಳಿಗ್ಗೆ ಪೆಟ್ರೋಲಿನಲ್ಲಿ ಶುರುವಾಗಿ, ನೀರು ಬಿಸಿಯಾದ ಮೇಲೆ ಟಕ್ ಎಂದು ತಾನೇ ಗ್ಯಾಸಿಗೆ ಬದಲಾಗುತ್ತದೆ.

“ಥೇಟ್ ನಿಮ್ಮ ಹಾಗೇ,” ಎಂದರು ಅತ್ತೆ ಮಾವನಿಗೆ. “ಎದ್ದ ತಕ್ಷಣ ಒಂದು, ತಲೆ ಬಿಸಿಯಾದ ಮೇಲೆ ಇನ್ನೊಂದು.”

ಒಂದು ದಿನದ ಕೆಲಸ ಎಂದಿದ್ದ ಮೇಸ್ತ್ರಿ. ಬರಬೇಕಾದ ಒಂದು ವಾಲ್ವು ಬರದೆ ಮೂರು ವಾರ ಹಿಡಿಯಿತು. ಆ ಮೂರು ವಾರ ಮಾವ ಮನೆಯಲ್ಲಿದ್ದರು. ಆ ವಾಕ್ಯ ಓದಲು ಚಿಕ್ಕದು, ಬಾಳಲು ಉದ್ದ. ಅವರು ಸ್ನಾನಕ್ಕೆ ಮೊದಲು ಮತ್ತು ಆಮೇಲೆ ಸೋಪನ್ನು ತೂಗಿದರು. ಬೆಕ್ಕನ್ನು ತೂಗಿದರು: ಮೂರು ಕಿಲೋ ನಾನೂರು. ಅತ್ತೆಯ ದಾರದ ಉಂಡೆ ಚೀಟಿಯಲ್ಲಿ ಬರೆದದ್ದಕ್ಕಿಂತ ಎಂಟು ಗ್ರಾಂ ಕಡಿಮೆ ಎಂದು ಕಂಪನಿಗೆ ಪತ್ರ ಬರೆದರು. ಹೊಲಿಗೆ ಕೋಣೆಗೆ ದಿನಕ್ಕೆ ಹದಿನಾರು ಸಲ ಬಂದು, ಏನೂ ಹೇಳದೆ, ಕತ್ತರಿ ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಇಟ್ಟು ಹೋಗುತ್ತಿದ್ದರು.

ಎರಡನೇ ವಾರದ ಕೊನೆಗೆ ಅತ್ತೆ ನನ್ನನ್ನು ಬಾಗಿಲಲ್ಲೇ ಹಿಡಿದರು. ನಾನು ಪಕ್ಕದ ಬೀದಿಯವಳು, ನಲವತ್ತೆಂಟು ವರ್ಷದವಳು, ಆದರೂ ಆ ಮನೆಯಲ್ಲಿ ನನ್ನ ಹೆಸರು ಪುಟ್ಟಿ.

“ಪುಟ್ಟಿ, ಕಾರು ಮಾರಿ ಅಂದವಳು ನಾನೇ. ನಾಲಿಗೆಗೆ ಸೂಜಿ ಚುಚ್ಕೋಬೇಕು. ಈ ಮನುಷ್ಯ ಮನೇಲಿ ಕೂತ್ರೆ ನಾನು ಮನೆ ಬಿಡಬೇಕಾಗುತ್ತೆ.”

“ಅವರಿಗೆ ಹೇಳಿಬಿಡಿ ಅತ್ತೆ, ಸಮಾಧಾನ ಆಗುತ್ತೆ.”

“ಹೇಳಿದ್ರೆ ನನ್ನ ಮಾತಿನ ತೂಕ ಏನಾಯ್ತು?”

ಅಂತೂ ಒಂದು ಶನಿವಾರ ಕಾರು ಬಂತು. ಮುಂದಿನ ಶುಕ್ರವಾರ ಸರ್ಕಾರಿ ತಪಾಸಣೆ. ಅದರಲ್ಲಿ ಪಾಸಾದರೆ ಮಾತ್ರ ಗ್ಯಾಸಿನಲ್ಲಿ ಓಡಿಸಬಹುದು. ತಪಾಸಣೆಗೆ ಟ್ಯಾಂಕಿನಲ್ಲಿ ಗ್ಯಾಸು ಇರಬೇಕೆಂದು ಮಾವ ನನ್ನನ್ನು ಕೂರಿಸಿಕೊಂಡು ಗ್ಯಾಸ್ ಬಂಕಿಗೆ ಹೋದರು. ಟ್ಯಾಂಕಿನ ಮೇಲೆ ನಲವತ್ತು ಲೀಟರ್ ಎಂದು ಅಚ್ಚೊತ್ತಿತ್ತು. ಬಂಕಿನ ಮೀಟರು ಮೂವತ್ತೆರಡಕ್ಕೆ ನಿಂತಿತು.

“ಎಂಟು ಲೀಟರ್ ಎಲ್ಲಿ?” ಎಂದರು ಮಾವ.

ಬಂಕಿನ ಹೆಂಗಸು ಶಾಂತವಾಗಿಯೇ ಹೇಳಿದಳು. “ಎಂಬತ್ತು ಪರ್ಸೆಂಟಿಗೆ ತಾನೇ ನಿಲ್ಲುತ್ತೆ ಸಾರ್. ಮೇಲೆ ಜಾಗ ಬಿಡಬೇಕು. ಬಿಸಿಲಿಗೆ ಗ್ಯಾಸು ಹಿಗ್ಗುತ್ತೆ.”

“ನೋಡಮ್ಮ, ಮೇಲೆ ಜಾಗ ಬಿಡಬೇಕು ಅನ್ನೋದನ್ನ ಮೂವತ್ನಾಲ್ಕು ವರ್ಷದಿಂದ ಅಂಗಡಿಯವರ ಬಾಯಲ್ಲಿ ಕೇಳ್ತಾ ಇದೀನಿ. ಹಿಗ್ಗೋದು ಯಾರು ಅಂತಾನೂ ಗೊತ್ತು ನಂಗೆ.”

ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. ನಾನು ಸೀಟಿನಲ್ಲಿ ಕುಗ್ಗಿದೆ. ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾಚಿಕೆಗೂ ಕುಗ್ಗುವುದು ಉಂಟು ಎಂದು ಪುಸ್ತಕದಲ್ಲಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಹೊಸದಾಗಿ ಕೂರಿಸಿದ್ದ ನಾಲ್ಕು ಪುಟಾಣಿ ಹಸಿರು ದೀಪಗಳು ‘ಟ್ಯಾಂಕು ತುಂಬಿದೆ’ ಎಂದು ಹೊಳೆಯುತ್ತಿದ್ದವು. ಮಾವ ಅವುಗಳನ್ನು ನಂಬಲಿಲ್ಲ. ಎಲ್ಲವೂ ಉರಿಯುತ್ತಿದ್ದರೆ ತಾನೇ ಅನುಮಾನ ಬರುವುದು?

ನಂಬದಿದ್ದ ಮೇಲೆ ತೂಗಬೇಕು. ಭಾನುವಾರ ಬೆಳಿಗ್ಗೆ ಮನೆಯ ಪಕ್ಕದ ತಮ್ಮ ಶೆಡ್ಡಿನಲ್ಲಿ ಮಾವ ನೆಲಮಟ್ಟದ ನಾಲ್ಕು ತೂಕದ ಯಂತ್ರಗಳನ್ನು ಚೌಕವಾಗಿ ಜೋಡಿಸಿದರು. ಗೋದಾಮುಗಳಲ್ಲಿ ಮೂಟೆ ಇಡುತ್ತಾರಲ್ಲ, ಅಂಥವು. ತಟ್ಟೆಯ ಮೇಲೆ ಇಟ್ಟದ್ದನ್ನು ಐವತ್ತು ಗ್ರಾಮಿನವರೆಗೆ ಕೆಂಪು ಅಂಕಿಗಳಲ್ಲಿ ತೋರಿಸುತ್ತವೆ. ಹಲಗೆ ಇಟ್ಟು, ನನ್ನನ್ನು ಮುಂದೆ ನಿಲ್ಲಿಸಿ “ಬಲಕ್ಕಾ ಎಡಕ್ಕಾ, ಹೇಳು” ಎನ್ನುತ್ತಾ, ನಾಲ್ಕು ಚಕ್ರ ನಾಲ್ಕು ತಕ್ಕಡಿಯ ಮೇಲೆ ಬರುವಂತೆ ಕಾರನ್ನು ಹತ್ತಿಸಿದರು. ಕೆಳಗೆ ಮಲಗಿ ನೋಡಲೆಂದು ಮಧ್ಯದಲ್ಲಿ ಅತ್ತೆಯ ಹಳೆಯ ಜಮಖಾನ ಹಾಸಿದರು. ಬೆಕ್ಕು ಕೂಡಲೇ ಅದು ತನಗೇ ಹಾಸಿದ್ದೆಂದು ತಿಳಿದುಕೊಂಡಿತು.

ನಾನು ನಾಲ್ಕು ಅಂಕಿ ಬರೆದುಕೊಂಡೆ. ಮಾವ ಕೂಡಿಸಿದರು. ಸಾವಿರದ ಇನ್ನೂರ ನಾಲ್ಕು ಕಿಲೋ. ಅಂಕಿ ಗಟ್ಟಿಯೋ ಎಂದು ಮರುದಿನ ಇನ್ನೊಮ್ಮೆ ನೋಡಲು ಕಾರನ್ನು ತಕ್ಕಡಿಗಳ ಮೇಲೆಯೇ ಬಿಟ್ಟರು.

ಸೋಮವಾರ ಬೆಳಿಗ್ಗೆ ಮುನ್ನೂರು ಗ್ರಾಂ ಕಡಿಮೆ.

ಕಾರು ಒಂದಿಂಚೂ ಅಲುಗಿರಲಿಲ್ಲ. ಕೀಲಿ ಮಾವನ ಜೇಬಿನಲ್ಲಿತ್ತು. ಎಂಟು ಲೀಟರಿನ ಜಗಳ ಆ ಕ್ಷಣಕ್ಕೆ ಮರೆತುಹೋಯಿತು.

“ಗ್ಯಾಸ್ ಸೋರ್ತಿದೆ,” ಎಂದರು ಮಾವ. “ವಾಸನೆ ಬರ್ತಿದೆಯಾ?”

ಮೊದಲು ಬರಲಿಲ್ಲ. ಮೂರು ಸಲ ಕೇಳಿದ ಮೇಲೆ ನನಗೂ ಬಂತು. “ಬರ್ತಿರೋದು ಅನುಮಾನದ ವಾಸನೆ,” ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಮಾವ ಬಕೆಟ್ಟಿನಲ್ಲಿ ಸೋಪು ಕದಡಿ ಟ್ಯಾಂಕಿನಿಂದ ಮುಂದಿನ ಡಬ್ಬಿಯವರೆಗೆ ಎಲ್ಲಕ್ಕೂ ಬಳಿದರು. ಒಂದು ಗುಳ್ಳೆಯೂ ಇಲ್ಲ. ಜಮಖಾನ ಒದ್ದೆಯಾಯಿತು, ಬೆಕ್ಕು ಮುನಿಸಿಕೊಂಡು ಹೊಲಿಗೆ ಬುಟ್ಟಿಗೆ ವಾಸ ಬದಲಿಸಿತು.

ಮಂಗಳವಾರ ಮತ್ತೆ ಮುನ್ನೂರು ಗ್ರಾಂ. ಮೇಸ್ತ್ರಿ ಬಂದ. ಅವನೂ ಸೋಪಿನ ನೀರು ಬಳಿದ, ಮಂಡಿಯೂರಿದ, ಟಾರ್ಚು ಬಿಟ್ಟ, ಮೂರು ಸಲ ಸೀನಿದ. ಆಮೇಲೆ ಎದ್ದು ನಿಂತು ಕೈ ಒರೆಸಿಕೊಂಡ.

“ಗ್ಯಾಸು ಎಲ್ಲೂ ಸೋರ್ತಾ ಇಲ್ಲ ಸಾರ್. ನಿಮ್ಮ ಮಿಷನ್ನೇ ಸರಿ ಇಲ್ಲ.”

ಅವನು ಹೋದ ಮೇಲೂ ಮಾವ ಅಲ್ಲೇ ನಿಂತಿದ್ದರು. ನಿಂತೇ ಇದ್ದರು ಎನ್ನುವುದೇ ಗಾಬರಿಯ ಸಂಗತಿ. ಆಮೇಲೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ, ಅತ್ತೆಗೆ ಕೇಳದಂತೆ, ಒಂದು ವಿಷಯ ಹೇಳಿದರು. ಎರಡು ತಿಂಗಳ ಹಿಂದೆ ಪಕ್ಕದ ಪೇಟೆಯ ಕಾಳಿನ ಸಾಹುಕಾರರ ತಕ್ಕಡಿಗೆ ಸೀಲು ಒತ್ತಿ ಬಂದಿದ್ದರಂತೆ. ಒಂದು ವಾರಕ್ಕೇ ಸಾಹುಕಾರರ ಫೋನು: ಗಿರಣಿಯಲ್ಲಿ ಐವತ್ತು ಕಿಲೋ ತೂಗಿದ ಮೂಟೆ ನಮ್ಮಲ್ಲಿ ನಲವತ್ತೊಂಬತ್ತೂವರೆ ತೋರಿಸುತ್ತಿದೆ, ನೀವೇ ಸೀಲು ಒತ್ತಿದ್ದಲ್ಲವೇ? ಬರುತ್ತೇನೆ ಎಂದವರು ಇಂದು ನಾಳೆ ಎಂದು ಮುಂದೂಡಿದ್ದರು. ಆಮೇಲೆ ಕಾರು ಗ್ಯಾಸಿಗೆ ಹೋಯಿತು, ಒಂದು ನೆಪ ಸಿಕ್ಕಿತು.

“ನನ್ನ ಕೈ ಹೋಯ್ತಾ ಪುಟ್ಟಿ? ಕಣ್ಣು ಹೋಯ್ತಾ?”

“ಏನೂ ಹೋಗಿಲ್ಲ ಮಾವ.”

“ಹಾಗಂದ್ರೆ ಹೇಗೆ? ಲೀಕ್ ಇದ್ರೆ ಶುಕ್ರವಾರ ಕಾರು ಫೇಲು, ನಿಮ್ಮತ್ತೆ ಮಾರಿಸ್ತಾಳೆ. ಲೀಕ್ ಇಲ್ಲ ಅಂದ್ರೆ ನನ್ನ ಮಿಷನ್ ತಪ್ಪು. ನನ್ನ ಮಿಷನ್ನೇ ತಪ್ಪಾದ್ರೆ ಊರೋರ ತಕ್ಕಡಿ ಮುಟ್ಟೋಕೆ ನಾನ್ಯಾರು? ಲೀಕ್ ಇದ್ರೆ ಕಾರು ಹೋಯ್ತು. ಇಲ್ದಿದ್ರೆ ನಾನು ಹೋದೆ.”

ತಮಾಷೆ ಮಾಡಲು ಬಾಯಿ ತೆರೆದೆ. ಬದಲಿಗೆ ಕಾರು ಇಳಿಸಲು ಹಲಗೆ ಎತ್ತಿಟ್ಟೆ. ನನಗೆ ಅದು ಅಪರೂಪ.

ಆ ಸಂಜೆಯೇ ಕಾರನ್ನು ಇಳಿಸಿ, ನಾಲ್ಕೂ ಯಂತ್ರಗಳನ್ನು ಕಬ್ಬಿಣದ ಕಲ್ಲಿಟ್ಟು ಪರೀಕ್ಷಿಸಿದರು. ಮೊದಲು ತಟ್ಟೆಯ ಮಧ್ಯಕ್ಕೆ, ಆಮೇಲೆ ಒಂದೊಂದೇ ಮೂಲೆಗೆ. “ಮಧ್ಯದಲ್ಲಿ ಎಲ್ಲಾರೂ ಸತ್ಯಾನೇ ಹೇಳ್ತಾರೆ ಪುಟ್ಟಿ. ಮೂಲೆಗೆ ತಳ್ಳಿದಾಗ ತಾನೇ ಬಣ್ಣ ಬಯಲಾಗೋದು,” ಎಂದರು. ಇದು ಈ ಕಸುಬಿನ ಮೊದಲ ಪಾಠವಂತೆ. ನಾಲ್ಕು ಯಂತ್ರ, ಇಪ್ಪತ್ತು ಜಾಗ. ಎಲ್ಲ ಕಡೆಯೂ ಇಪ್ಪತ್ತು ಕಿಲೋ ಸೊನ್ನೆ ಗ್ರಾಂ. ಕಾರನ್ನು ಮತ್ತೆ ಹತ್ತಿಸಿದರು.

ಬುಧವಾರ ಒಂದು ಅಂಕಿ ಬಂತು. ಗುರುವಾರ ಬೆಳಿಗ್ಗೆ ಅದಕ್ಕಿಂತ ಮುನ್ನೂರು ಗ್ರಾಂ ಕಡಿಮೆ. ಯಂತ್ರ ಸರಿ, ಗುಳ್ಳೆ ಇಲ್ಲ, ತೂಕ ಮಾತ್ರ ಹೋಗುತ್ತಲೇ ಇದೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಕಷ್ಟ ಎನ್ನುವ ಗಾದೆ ಕೇಳಿದ್ದೆ. ಕಪ್ಪೆಗಳು ಹಾರುವುದಾದರೂ ಕಾಣುತ್ತದೆ.

ನಾವಿಬ್ಬರೂ ಹೊಲಿಗೆ ಕೋಣೆಗೆ ಬಂದೆವು. ಮಾವ ಕಿಟಕಿಗೂ ಬಾಗಿಲಿಗೂ ನಡುವೆ ತಿರುಗುತ್ತಿದ್ದರು. “ಮತ್ತೆ ಓದು. ಒಟ್ಟು ಓದು.” ಓದಿದೆ. “ಇನ್ನೊಂದ್ಸಲ ಕೂಡಿಸು.” ಕೂಡಿಸಿದೆ. ಮೊತ್ತದ ಕೆಳಗೆ ಎರಡು ಗೆರೆ ಎಳೆಯುವುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಆ ವಾರ ಎಳೆದ ಗೆರೆಗಳಲ್ಲಿ ಒಂದು ರಸ್ತೆ ಮಾಡಬಹುದಿತ್ತು.

ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿದರು.

“ಹಿಂದಿನ ಎಡಗಾಲು ನಿನ್ನೆ ಎಷ್ಟಿತ್ತು?”

“ಯಾರ ಕಾಲು ಅತ್ತೆ?”

“ಕಾರಿಂದು ಕಣೇ.”

ಓದಿದೆ. “ಇವತ್ತು?” ಎಂದರು. ಅಷ್ಟೇ ಇತ್ತು. ಹಿಂದಿನ ಬಲಗಾಲು? ಅದೂ ಅಷ್ಟೇ. ಮುಂದಿನ ಬಲ? ಐವತ್ತು ಗ್ರಾಂ ಕಡಿಮೆ. ಮುಂದಿನ ಎಡ? ಇನ್ನೂರ ಐವತ್ತು ಕಡಿಮೆ.

ಅತ್ತೆ ಬಾಯಿಂದ ಪಿನ್ನು ತೆಗೆದು ದಿಂಬಿಗೆ ಚುಚ್ಚಿದರು. “ಏನ್ರೀ, ಟ್ಯಾಂಕು ಎಲ್ಲಿದೆ?”

“ಹಿಂದೆ.”

“ಬಡವಾಗ್ತಿರೋದು?”

ಮಾವ ನಿಂತುಬಿಟ್ಟರು.

“ಗ್ಯಾಸು ಎಲ್ಲಿ ಸೋರಿದ್ರೂ ಕಡಿಮೆ ಆಗಬೇಕಾದ್ದು ಟ್ಯಾಂಕಲ್ಲಿ ತಾನೇ? ಹಿಂದೆ ಒಂದು ಗುಂಜಿ ಇಳಿದಿಲ್ಲ. ಮುಂದೆ ಇನ್ನೇನೋ ಹೋಗ್ತಿದೆ. ಅಂಗಿ ಸಡಿಲ ಅಂತ ಬಂದೋರಿಗೆ ಒಟ್ಟು ಬಟ್ಟೆ ಎಷ್ಟು ಮೀಟರು ಅಂತ ನಾನು ಕೇಳಲ್ಲಪ್ಪ. ಎಲ್ಲಿ ಸಡಿಲ ಅಂತ ನೋಡ್ತೀನಿ. ನೀವಿಬ್ರೂ ಐದು ದಿನದಿಂದ ಬರೀ ಕೂಡಿಸ್ತಾ ಇದೀರಿ.”

ಆ ಮಾತು ಮುಗಿಯುವಷ್ಟರಲ್ಲಿ ಕೋಣೆಯಲ್ಲಿ ಮಾವ ಇರಲಿಲ್ಲ. ನಾನು ಶೆಡ್ಡಿಗೆ ಹೋದಾಗ ಬಾನೆಟ್ಟು ತೆರೆದಿತ್ತು. ರೇಡಿಯೇಟರಿನ ನೀರು ತುಂಬುವ ಪ್ಲಾಸ್ಟಿಕ್ ಡಬ್ಬಿ ಹಳತಾಗಿ ಹಳದಿಗಟ್ಟಿದೆ, ಒಳಗೆ ಎಷ್ಟಿದೆ ಎಂದು ಹೊರಗಿಂದ ಕಾಣುವುದಿಲ್ಲ. ಮಾವ ಮುಚ್ಚಳ ತೆಗೆದು ಬೆರಳಿಟ್ಟರು. ಬೆರಳಿಗೆ ನೀರು ಸಿಗಲಿಲ್ಲ.

ಜಮಖಾನದ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟರು. ಬಿಸಿ ನೀರನ್ನು ಗ್ಯಾಸಿನ ಡಬ್ಬಿಗೆ ಕವಲೊಡೆಸಿದ ಕಡೆ, ರಬ್ಬರು ಕೊಳವೆಯ ಬಾಯಲ್ಲಿ, ಒಂದು ಹನಿ ತುಂಬಿಕೊಳ್ಳುತ್ತಿತ್ತು. ನಾವಿಬ್ಬರೂ ಉಸಿರು ಹಿಡಿದು ನೋಡಿದೆವು. ಅದು ಅವಸರವೇ ಇಲ್ಲದೆ ದುಂಡಾಗಿ, ತೂಗಾಡಿ, ಮಾವನ ಹಣೆಯ ಮೇಲೆ ಬಿತ್ತು.

“ನೀರು!” ಎಂದರು ಮಾವ. ಬಾವಿ ತೋಡಿದವರೂ ಅಷ್ಟು ಖುಷಿಯಿಂದ ಹೇಳಿರಲಾರರು.

ಐದು ದಿನ ನಾವು ನೀರು ಬಳಿದು ಗ್ಯಾಸು ಹುಡುಕಿದ್ದೆವು. ಹೋಗುತ್ತಿದ್ದದ್ದು ನೀರು. ಎಲ್ಲವನ್ನೂ ಒದ್ದೆ ಮಾಡಿಟ್ಟು ಒದ್ದೆಯಾದದ್ದನ್ನು ಕಾಣಲಿಲ್ಲ. ಬೆಕ್ಕು ಮಾತ್ರ ಸರಿಯಾದ ದೂರು ಕೊಟ್ಟು ಜಾಗ ಖಾಲಿ ಮಾಡಿತ್ತು.

ಮೇಸ್ತ್ರಿ ಬಂದು ಕ್ಲಿಪ್ಪನ್ನು ಕಾಲು ಸುತ್ತು ಬಿಗಿದ. ಕಾಲೇ ಸುತ್ತು. ನೀರು ತುಂಬಿ ಕೈ ಒರೆಸಿಕೊಳ್ಳುತ್ತಿದ್ದವನ ಎದುರಿಗೆ ಮಾವ ನಿಂತರು.

“ಆ ಮಾತು ವಾಪಸ್ ತಗೋ ಮೇಸ್ತ್ರಿ.”

“ಯಾವ ಮಾತು ಸಾರ್?”

“ನನ್ನ ಮಿಷನ್ ಬಗ್ಗೆ ಅಂದಿದ್ದು.”

“ತಗೊಂಡೆ ಸಾರ್,” ಎಂದು ಅವನು ಸೀನಿದ. ಸೀನಿದರೆ ಸತ್ಯ ಎನ್ನುತ್ತಾರಲ್ಲ. ಇವನ ವಿಷಯದಲ್ಲಿ ಅದು ಸಾಕ್ಷಿಯಾಗದು, ಆದರೂ ಮಾವ ಒಪ್ಪಿಕೊಂಡರು.

ಗುರುವಾರ ಸಂಜೆ ಎಷ್ಟಿತ್ತೋ ಶುಕ್ರವಾರ ಬೆಳಿಗ್ಗೆಯೂ ಅಷ್ಟೇ ತೂಕ. ನಾಲ್ಕೂ ಕಾಲಿನದನ್ನು ಬೇರೆ ಬೇರೆ ಓದಿಸಿದರು. ತಪಾಸಣೆಯ ಅಧಿಕಾರಿ ಕಾಲು ಗಂಟೆ ಕಾರಿನ ಸುತ್ತ ತಿರುಗಿ, ಮೂಸಿ, ಬಗ್ಗಿ ನೋಡಿ, ಹಿಂದಿನ ಗಾಜಿಗೆ ಒಂದು ಚೀಟಿ ಅಂಟಿಸಿದ. ಮಾವ ಅತ್ತೆಗೆ ಫೋನ್ ಮಾಡಿ “ಪಾಸು” ಎಂದರು. ಆ ಕಡೆಯಿಂದ ಬಂದ ಉಸಿರು ಪಕ್ಕದಲ್ಲಿದ್ದ ನನಗೂ ಕೇಳಿಸಿತು. “ಸದ್ಯ,” ಎಂದರು ಅತ್ತೆ. ಆಮೇಲೆ ತಮ್ಮ ಮಾತಿನ ತೂಕ ನೆನಪಾಗಿ, “ಸರಿ, ಓಡಿಸ್ಕೊಳ್ಳಿ, ಏನ್ಮಾಡೋದು,” ಎಂದು ಸೇರಿಸಿದರು.

ಮನೆಯ ಕಡೆಗೆ ತಿರುಗಬೇಕಾದಲ್ಲಿ ಮಾವ ತಿರುಗಲಿಲ್ಲ. ಹಿಂದೆ ಹನ್ನೆರಡು ಕಲ್ಲುಗಳನ್ನು ಬೆಳಿಗ್ಗೆಯೇ ಹೇರಿದ್ದನ್ನು ಆಗ ಗಮನಿಸಿದೆ. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಅವರ ಬೆರಳು ಸ್ಟೇರಿಂಗಿನ ಮೇಲೆ ಕುಣಿಯುತ್ತಿತ್ತು.

“ಬನ್ನಿ ಬನ್ನಿ, ಕೂತ್ಕೊಳ್ಳಿ,” ಎಂದರು ಕಾಳಿನ ಸಾಹುಕಾರರು.

“ಕೂರೋಕೆ ಬಂದಿಲ್ಲ ಸಾಹುಕಾರ್ರೆ.”

ತಟ್ಟೆಯ ಮಧ್ಯಕ್ಕೆ ಕಲ್ಲಿಟ್ಟರು. ಇಪ್ಪತ್ತು ಕಿಲೋ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇನ್ನೊಂದಿಟ್ಟರು. ನಲವತ್ತು.

“ನೋಡಿ, ನೀವು ಬಂದ್ರೆ ಸರಿಯಾಗೇ ತೋರಿಸುತ್ತೆ,” ಎಂದು ನಕ್ಕರು ಸಾಹುಕಾರರು. “ನಿಮ್ಮ ಮುಂದೆ ಸುಳ್ಳು ಹೇಳೋಕೆ ಭಯ ಅದಕ್ಕೆ.”

ಮಾವ ನಗಲಿಲ್ಲ. ಕಲ್ಲನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ ಒಂದನ್ನು ಎದುರಿನ ಮೂಲೆಗೆ ಸರಿಸಿದರು, ಇನ್ನೊಂದನ್ನು ಕೆಳಗಿಳಿಸಿದರು. ಇಪ್ಪತ್ತು. ಎರಡನೇ ಮೂಲೆ, ಇಪ್ಪತ್ತು. ಮೂರನೆಯದೂ ಇಪ್ಪತ್ತು. ನಾಲ್ಕನೆಯದು ಗೋಡೆಯ ಕಡೆಯ ಮೂಲೆ. ಆಳುಗಳು ಮೂಟೆಯನ್ನು ಹೆಗಲಿಂದ ನೇರ ಅಲ್ಲಿಗೇ ಬೀಳಿಸುತ್ತಾರೆ. ಅಲ್ಲಿ ಕೆಂಪು ಅಂಕಿ ಒಂದು ಗಳಿಗೆ ಮಿಣುಕಾಡಿ ನಿಂತಿತು: ಹತ್ತೊಂಬತ್ತು ಕಿಲೋ ಎಂಟುನೂರು.

“ಆವತ್ತು ನಾನು ಮೂಲೆ ನೋಡ್ಲಿಲ್ಲ,” ಎಂದರು ಮಾವ, ಸಾಹುಕಾರರಿಗೂ ಅಲ್ಲ, ನನಗೂ ಅಲ್ಲ. “ಮಧ್ಯಕ್ಕೆ ಇಟ್ಟೆ, ಸರಿ ಅಂತು, ಒತ್ತಿ ಹೋದೆ.”

“ಇರಲಿ ಬಿಡಿ, ಅವಸರದಲ್ಲಿ...”

“ಅವಸರಾನೇ.”

ಕೈ ಹೋಗಿರಲಿಲ್ಲ, ಕಣ್ಣೂ ಹೋಗಿರಲಿಲ್ಲ. ಜೇಬಿನಿಂದ ಇಕ್ಕಳ ತೆಗೆದು ತಾವೇ ಒತ್ತಿದ್ದ ಸೀಲನ್ನು ತಾವೇ ಕತ್ತರಿಸಿದರು. ನೆಲಕ್ಕೆ ಕೂತು ತಟ್ಟೆ ಬಿಚ್ಚಿದರು. ಗೋಡೆಯ ಕಡೆಯ ಮೂಲೆಯ ಕೆಳಗೆ ಬಗ್ಗಿದ್ದ ಯಂತ್ರದ ಕಾಲನ್ನು ನೆಟ್ಟಗೆ ಮಾಡಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಎದ್ದದ್ದು ಎರಡೇ ಸಲ, ನಾನು ಎಣಿಸುತ್ತಿದ್ದೆ. ಕಾಫಿ ಪೂರ್ತಿ ಕುಡಿದರು. ಮಧ್ಯ, ಮೂಲೆ, ಮೂಲೆ, ಮೂಲೆ, ಮೂಲೆ. ಹೊಸ ಸೀಲು ಒತ್ತಿದರು.

ಹೊರಗೆ ಬಂದು ಕಾರು ಶುರು ಮಾಡಿದರು. ಪೆಟ್ರೋಲಿನಲ್ಲಿ ಗುರುಗುಟ್ಟುತ್ತಾ ಎಂಜಿನ್ನು ಬಿಸಿಯಾಗಲು ಕಾಯುತ್ತಿತ್ತು. ಹಸಿರು ದೀಪ ಮೂರು ಉರಿಯುತ್ತಿದ್ದವು. ನಾನು ಬೆಲ್ಟು ಹಾಕಿಕೊಂಡು, ಇನ್ನು ಮನೆ, ಊಟ ಎಂದುಕೊಂಡೆ. ಮಾವ ಗೇರು ಹಾಕದೆ ಸ್ಟೇರಿಂಗು ಹಿಡಿದು ಕೂತಿದ್ದರು.

“ಪುಟ್ಟಿ, ಆವತ್ತು ಇಲ್ಲಿಂದ ಹೋದ ಮೇಲೆ ಇನ್ನೂ ಮೂರು ಅಂಗಡಿ ಮಾಡಿದ್ದೆ.”

“ಅಲ್ಲೂ ಮೂಲೆ ನೋಡ್ಲಿಲ್ವಾ?”

“ಗೊತ್ತಿಲ್ಲ. ಅದೇ ಗೊತ್ತಾಗ್ತಿಲ್ಲ.”

ಟಕ್ ಎಂದಿತು. ಕಾರು ಗ್ಯಾಸಿಗೆ ಬದಲಾಯಿತು. ನಾನು ಅತ್ತೆಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡಿ ಎಂದೆ.